ಆಡುವವರಿಲ್ಲದ ನುಡಿ

ಭಾಷೆಯನ್ನು ಯಾರೂ ಕುಳಿತು ರಚಿಸುವುದಿಲ್ಲ. ಅದು ಜನರ ಬಾಳಿನಲ್ಲಿ ತಾನಾಗಿ ಹುಟ್ಟಿ, ಬೆಳೆದು, ಮಾರ್ಪಟ್ಟು, ಕೆಲವೊಮ್ಮೆ ಅಳಿದೂ ಹೋಗುತ್ತದೆ ಎಂಬುದು ಎಲ್ಲರೂ ಒಪ್ಪುವ ಮಾತು. ಯಾವ ಪದವನ್ನು ಕೈಗೆತ್ತಿಕೊಂಡರೂ ಅದರ ಹಿಂದೆ ಹಲವು ತಲೆಮಾರುಗಳ ಉಸಿರಿರುತ್ತದೆ. ಇಂದು ‘ಹಾಲು’ ಎನ್ನುವುದನ್ನು ಹಳಗನ್ನಡದ ಕವಿ ‘ಪಾಲ್’ ಎಂದನು; ಅಂದಿನ ‘ಪುಲಿ’ ಇಂದು ‘ಹುಲಿ’ಯಾಗಿದೆ, ‘ಪೂ’ ‘ಹೂ’ ಆಗಿದೆ. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಈ ಪದಗಳ ಪಕಾರ ಹಾಗೆಯೇ ಉಳಿದಿದೆ. ಈ ಮಾರ್ಪಾಟನ್ನು ಯಾವ ಅರಸನೂ ಆಜ್ಞಾಪಿಸಲಿಲ್ಲ, ಯಾವ ಪಂಡಿತನೂ ಯೋಜಿಸಲಿಲ್ಲ. ಹೀಗಿರುವಾಗ ಒಬ್ಬನೇ ಮನುಷ್ಯನು ತನ್ನ ಮೇಜಿನ ಮುಂದೆ ಕುಳಿತು, ಎಂದೂ ಇಲ್ಲದಿದ್ದ ಜನರಿಗಾಗಿ ಒಂದು ಭಾಷೆಯನ್ನು, ಅದೂ ಅದರ ಸಾವಿರಾರು ವರ್ಷಗಳ ಚರಿತ್ರೆಯೊಡನೆ, ನಿರ್ಮಿಸಲು ಹೊರಟನೆಂದರೆ ಅದನ್ನು ಏನೆಂದು ಕರೆಯಬೇಕು? ಹುಚ್ಚೆನ್ನಬೇಕೆ, ಆಟವೆನ್ನಬೇಕೆ, ವಿದ್ಯೆಯೆನ್ನಬೇಕೆ?

ಹಾಗೆ ಹೊರಟವರು ಜೆ. ಆರ್. ಆರ್. ಟೋಲ್ಕಿನ್. 1892ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬೆಳೆದು, ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಅವರು 1973ರಲ್ಲಿ ತೀರಿಕೊಂಡರು. ಲೋಕವು ಅವರನ್ನು ಕಥೆಗಾರರೆಂದೇ ಬಲ್ಲದು. 1937ರಲ್ಲಿ ಪ್ರಕಟವಾದ ‘ದಿ ಹಾಬಿಟ್’, 1954-55ರಲ್ಲಿ ಮೂರು ಸಂಪುಟಗಳಾಗಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಕಥೆಗಳು ದೇಶದೇಶಗಳ ಓದುಗರ ಮನಸ್ಸನ್ನು ಸೆರೆಹಿಡಿದಿವೆ. ಆದರೆ ಟೋಲ್ಕಿನ್ನರು ತಮ್ಮ ಪತ್ರಗಳಲ್ಲಿ ಹೇಳಿಕೊಂಡಿರುವುದೇ ಬೇರೆ. ಕಥೆಗಾಗಿ ಅವರು ಭಾಷೆಯನ್ನು ಮಾಡಲಿಲ್ಲ. ಭಾಷೆ ಮೊದಲು ಹುಟ್ಟಿತು, ಆ ಭಾಷೆಯನ್ನಾಡುವವರು ಬಾಳಲು ಒಂದು ಲೋಕ ಬೇಕೆಂದು ಕಥೆ ಅನಂತರ ಹುಟ್ಟಿತು.

ಈ ಗೀಳು ಅವರಿಗೆ ಬಾಲ್ಯದಲ್ಲಿಯೇ ಅಂಟಿಕೊಂಡಿತ್ತು. ಅವರ ಸೋದರ ಸಂಬಂಧಿಗಳಾದ ಹುಡುಗಿಯರು ಪ್ರಾಣಿಪಕ್ಷಿಗಳ ಹೆಸರುಗಳಿಂದಲೇ ಒಂದು ಗುಟ್ಟಿನ ಭಾಷೆಯನ್ನು ಕಟ್ಟಿಕೊಂಡಿದ್ದರು. ಅದರಲ್ಲಿ ‘ನಲವತ್ತು’ ಎಂಬ ಅರ್ಥದ ಇಂಗ್ಲಿಷ್ ಪದಕ್ಕೆ ಕತ್ತೆ ಎಂದರ್ಥ! ಅನಂತರ ಮಕ್ಕಳು ಕಟ್ಟಿದ ಇನ್ನೊಂದು ಭಾಷೆಯಲ್ಲಿ ಹಸುವನ್ನು ಸೂಚಿಸುವ ‘ಕೌ’ ಎಂಬ ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ವೊಕ್’ ಎಂದು ಹೇಳುತ್ತಿದ್ದರು. ಪ್ರತಿ ಅಕ್ಷರದ ಹಿಂದೆ ಇನ್ನೊಂದು ಅಕ್ಷರವನ್ನು ಸೇರಿಸಿ ದೊಡ್ಡವರಿಗೆ ತಿಳಿಯದಂತೆ ಮಾತನಾಡುವ ಆಟವನ್ನು ಕನ್ನಡದ ಮಕ್ಕಳೂ ಬಲ್ಲರು. ದೊಡ್ಡವರಾದ ಮೇಲೆ ಎಲ್ಲರೂ ಇಂಥ ಆಟವನ್ನು ಬಿಟ್ಟುಬಿಡುತ್ತಾರೆ. ಟೋಲ್ಕಿನ್ನರು ಬಿಡಲಿಲ್ಲ. 1931ರಲ್ಲಿ ಈ ವಿಷಯವಾಗಿ ಉಪನ್ಯಾಸವೊಂದನ್ನು ಮಾಡಿದಾಗ ಅವರು ತಮ್ಮ ಈ ಹವ್ಯಾಸವನ್ನು ಗುಟ್ಟಾದ ದುಶ್ಚಟವೆಂದೇ ಕರೆದುಕೊಂಡರು. ಸಂಭಾವಿತನಾದ ವಿದ್ವಾಂಸನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಬೇಕಾದ ಕೆಲಸವಿದು ಎಂಬ ಅಳುಕು ಆ ಮಾತಿನಲ್ಲಿದೆ.

ಹಿಂದುಮುಂದಾದ ‘ವೊಕ್’ ಎಂಬ ಪದಕ್ಕೂ ಮುಂದೆ ಅವರು ನಿರ್ಮಿಸಿದ ಪದಗಳಿಗೂ ಇರುವ ಅಂತರವನ್ನು ತಿಳಿಯಬೇಕಾದರೆ ಅವರ ವಿದ್ಯಾಭ್ಯಾಸದ ಕಡೆಗೆ ತಿರುಗಬೇಕು. ಚಿಕ್ಕಂದಿನಲ್ಲಿ ಮನೆಯ ಬಳಿ ಓಡಾಡುತ್ತಿದ್ದ ಕಲ್ಲಿದ್ದಲಿನ ಗಾಡಿಗಳ ಮೇಲೆ ಬರೆದಿದ್ದ ವೇಲ್ಸ್ ಪ್ರದೇಶದ ಊರುಗಳ ಹೆಸರುಗಳು ಅವರ ಮನಸ್ಸನ್ನು ಸೆಳೆದುವು. ಕಾಲೇಜಿಗೆ ಬಂದ ಮೇಲೆ ಪುಸ್ತಕಾಲಯದಲ್ಲಿ ಫಿನ್ನಿಷ್ ಭಾಷೆಯ ವ್ಯಾಕರಣವೊಂದು ಕಣ್ಣಿಗೆ ಬಿದ್ದಿತು. ‘ಕಲೆವಾಲ’ ಎಂಬ ಫಿನ್ನರ ಮಹಾಕಾವ್ಯವನ್ನು ಮೂಲದಲ್ಲಿಯೇ ಓದಬೇಕೆಂಬ ಆಸೆಯಿಂದ ಅದನ್ನು ಕಲಿಯಲು ತೊಡಗಿ, ಪರೀಕ್ಷೆಯ ಓದನ್ನೂ ಅಲಕ್ಷಿಸಿದರು. ವೇಲ್ಸಿನ ನುಡಿಯ ಸೊಗಸು, ಫಿನ್ನಿಷಿನ ಇಂಪು ಇವೆರಡೂ ಮುಂದೆ ಅವರ ಎರಡು ಭಾಷೆಗಳಲ್ಲಿ ಹರಿದುವು. ಕ್ವೆನ್ಯ ಎಂಬುದು ಫಿನ್ನಿಷಿನ ಛಾಯೆಯಲ್ಲಿ ಬೆಳೆದದ್ದು, ಸಿಂದರಿನ್ ಎಂಬುದು ವೇಲ್ಸಿನ ನುಡಿಯ ಛಾಯೆಯಲ್ಲಿ ಬೆಳೆದದ್ದು.

ಇದೇ ಕಾಲದಲ್ಲಿ ಪ್ರಾಚೀನ ಇಂಗ್ಲಿಷಿನ ಒಂದು ಧಾರ್ಮಿಕ ಕಾವ್ಯದಲ್ಲಿ ಅವರಿಗೆ ‘ಎಯರೆಂದೆಲ್’ ಎಂಬ ಪದ ದೊರೆಯಿತು. ಬೆಳಗಿನ ನಕ್ಷತ್ರವನ್ನೋ ಬೆಳಕಿನ ಕಿರಣವನ್ನೋ ಸೂಚಿಸುವ ಪದವದು. ಅರ್ಥಕ್ಕಿಂತ ಹೆಚ್ಚಾಗಿ ಅದರ ನಾದವೇ ಅವರನ್ನು ಬೆರಗುಗೊಳಿಸಿತು. 1914ರಲ್ಲಿ ಆ ಹೆಸರಿನ ನಾವಿಕನೊಬ್ಬನನ್ನು ಕುರಿತು ಕವಿತೆಯನ್ನು ಬರೆದರು. ಅಲ್ಲಿಗೆ ನಿಂತಿದ್ದರೆ ಅದು ಕವಿಗಳೆಲ್ಲರೂ ಮಾಡುವ ಕೆಲಸವಾಗುತ್ತಿತ್ತು. ಆದರೆ ಎರವಲು ತಂದ ಈ ಪದವು ತಮ್ಮ ಭಾಷೆಯಲ್ಲಿ ಅನಾಥವಾಗಿ ನಿಲ್ಲುವುದು ಅವರಿಗೆ ಸಹನೆಯಾಗಲಿಲ್ಲ. ಅದನ್ನು ಎರಡಾಗಿ ಬಿಡಿಸಿದರು: ‘ಎಯರ್’ ಎಂದರೆ ಕಡಲು, ‘ನ್ದಿಲ್’ ಎಂದರೆ ಒಲಿದವನು. ‘ಎಯರೆಂದಿಲ್’ ಎಂದರೆ ಕಡಲಿಗೊಲಿದವನು ಎಂದಾಯಿತು. ಮಗು ಮನೆಗೆ ಬಂದಮೇಲೆ ಅದಕ್ಕೆ ತಂದೆತಾಯಿಗಳನ್ನೂ ಅಜ್ಜಮುತ್ತಜ್ಜರನ್ನೂ ಹುಡುಕಿಕೊಟ್ಟಂತಾಯಿತು.

ಅದು ಮೊದಲನೆಯ ಮಹಾಯುದ್ಧದ ಕಾಲ. 1915ರಲ್ಲಿ ಟೋಲ್ಕಿನ್ನರು ತಮ್ಮ ಭಾಷೆಯ ಪದಕೋಶವನ್ನು ಬರೆಯತೊಡಗಿದರು; ಮರುವರ್ಷ ಫ್ರಾನ್ಸಿನ ಸೊಮ್ ನದಿಯ ಘೋರ ಕದನದಲ್ಲಿ ಸೈನಿಕರಾಗಿದ್ದರು. ಶಾಲೆಯ ಕಾಲದ ಆಪ್ತ ಗೆಳೆಯರಲ್ಲಿ ಇಬ್ಬರು ಆ ವರ್ಷವೇ ಮಡಿದರು. ಹೊರಗಿನ ಲೋಕ ಒಡೆದು ಚೂರಾಗುತ್ತಿದ್ದಾಗ ಒಬ್ಬ ತರುಣನು ನಕ್ಷತ್ರಕ್ಕೂ ಮರಕ್ಕೂ ಬೆಳಕಿಗೂ ಹೊಸ ಹೆಸರುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದನೆಂಬುದನ್ನು ನೆನೆದರೆ ಇದನ್ನು ಸೋಮಾರಿಯ ಕಾಲಹರಣವೆಂದು ತಳ್ಳಿಬಿಡುವುದು ಕಷ್ಟ.

ಯುದ್ಧ ಮುಗಿದ ಮೇಲೆ ಅವರಿಗೆ ದೊರೆತ ಮೊದಲ ಕೆಲಸವೂ ಪದಗಳದೇ. ಆಕ್ಸ್‌ಫರ್ಡಿನ ಮಹಾನಿಘಂಟಿನ ಕಾರ್ಯಾಲಯದಲ್ಲಿ 1919ರಿಂದ 1920ರವರೆಗೆ ದುಡಿದು, ಇಂಗ್ಲಿಷಿನ ‘ಡಬ್ಲ್ಯು’ ಅಕ್ಷರದಿಂದ ಆರಂಭವಾಗುವ ಕೆಲವು ಪದಗಳ ಮೂಲವನ್ನು ಅವರು ಶೋಧಿಸಿದರು. ಉತ್ತರದ ಹಿಮಗಡಲಿನಲ್ಲಿ ಬಾಳುವ, ಆನೆಯಂತೆ ದಂತಗಳುಳ್ಳ ‘ವಾಲ್ರಸ್’ ಎಂಬ ಪ್ರಾಣಿಯ ಹೆಸರು ಅವರನ್ನು ಬಹಳ ಕಾಡಿತು. ತಿಮಿಂಗಿಲ, ಕುದುರೆ ಎಂಬ ಎರಡು ಅರ್ಥಗಳು ಆ ಪದದಲ್ಲಿ ಬೆಸೆದುಕೊಂಡಿವೆಯೆಂದು ವಿದ್ವಾಂಸರು ಹೇಳುತ್ತಾರೆ. ಅದರ ವ್ಯುತ್ಪತ್ತಿಯನ್ನು ಟೋಲ್ಕಿನ್ನರು ಮತ್ತೆ ಮತ್ತೆ ತಿದ್ದಿ ಬರೆದರು. ನಿಜವಾದ ಒಂದು ಪದದ ಬೇರು ಎಷ್ಟು ಆಳಕ್ಕೆ, ಎಷ್ಟು ಡೊಂಕಾಗಿ ಇಳಿದಿರುತ್ತದೆಂಬ ಅನುಭವ ಅವರಿಗೆ ಇಲ್ಲಿ ಆಯಿತು. ಹಾಗೆ ಬೇರಿಲ್ಲದ ಪದವನ್ನು ಅವರು ಮುಂದೆ ಪದವೆಂದೇ ಎಣಿಸಲಿಲ್ಲ.

ಅವರ ಕಲ್ಪನೆಯ ಚರಿತ್ರೆ ಹೀಗಿದೆ. ಎಲ್ಫ್ ಎಂಬುದು ಇಂಗ್ಲೆಂಡಿನ ಹಳೆಯ ಕಥೆಗಳಲ್ಲಿ ಯಕ್ಷಕಿನ್ನರರಂತೆ ಬರುವ ಒಂದು ಜನ. ಟೋಲ್ಕಿನ್ನರ ಕಥೆಯಲ್ಲಿ ಸೂರ್ಯಚಂದ್ರರು ಹುಟ್ಟುವುದಕ್ಕೆ ಮುಂಚೆ ಒಂದು ಸರೋವರದ ದಡದಲ್ಲಿ ಈ ಜನರು ಕಣ್ತೆರೆದರು. ಮೊದಲು ಕಂಡದ್ದು ಆಕಾಶದ ನಕ್ಷತ್ರಗಳನ್ನು. ಕಂಡೊಡನೆ ಬಾಯಿಂದ ಹೊರಟ ಉದ್ಗಾರ ‘ಎಲೆ!’ ಎಂದು, ಕನ್ನಡದ ‘ಅಗೋ!’ ಎನ್ನುವಂತೆ. ಆ ಉದ್ಗಾರವೇ ಧಾತುವಾಯಿತು. ಅದರಿಂದ ‘ಎಲೆನ್’ ಎಂದರೆ ನಕ್ಷತ್ರ, ‘ಎಲ್ದ’ ಎಂದರೆ ನಕ್ಷತ್ರಗಳ ಜನರಲ್ಲಿ ಒಬ್ಬನು. ತಮ್ಮ ಹೊರತು ಮಾತನಾಡುವ ಬೇರೆ ಜೀವಿಗಳನ್ನು ಅವರು ಆಗ ಕಂಡಿರಲಿಲ್ಲ. ಆದುದರಿಂದ ತಮ್ಮನ್ನು ‘ಕ್ವೆಂದಿ’, ಅಂದರೆ ಮಾತನಾಡುವವರು, ಎಂದು ಕರೆದುಕೊಂಡರು. ಮನುಷ್ಯನ ಮೊದಲ ಪದವು ಬೆರಗಿನಿಂದ ಹುಟ್ಟಿರಬಹುದೆ? ಶಾಸ್ತ್ರವು ಇದಕ್ಕೆ ಉತ್ತರ ಕೊಡಲಾರದು, ಕಥೆ ಕೊಟ್ಟಿದೆ.

ಮುಂದೆ ಈ ಜನರು ಒಡೆದರು. ಕೆಲವರು ಕಡಲನ್ನು ದಾಟಿ ಪಶ್ಚಿಮದ ಅಮರ ಭೂಮಿಗೆ ಹೋದರು, ಕೆಲವರು ಇತ್ತಲೇ ನಿಂತರು. ಹೋದವರ ನುಡಿ ಕ್ವೆನ್ಯ, ನಿಂತವರ ನುಡಿ ಸಿಂದರಿನ್. ಒಂದೇ ತಾಯಿಯ ಈ ಎರಡು ಮಕ್ಕಳು ಹೇಗೆ ಬೇರೆಯಾದರೆಂಬುದನ್ನು ಟೋಲ್ಕಿನ್ನರು ಧ್ವನಿಧ್ವನಿಯಾಗಿ ನಿರೂಪಿಸಿದ್ದಾರೆ. ಕ್ವೆನ್ಯದಲ್ಲಿ ‘ಕ್ವೆತ್ತ’ ಎಂದರೆ ಪದ. ಸಿಂದರಿನ್ನಿನಲ್ಲಿ ಅದೇ ‘ಪೆಥ್’. ಕ್ವೆನ್ಯದ ‘ಅಲ್ಕ್ವ’, ಹಂಸ; ಸಿಂದರಿನ್ನಿನಲ್ಲಿ ‘ಅಲ್ಫ್’. ಕ್ವೆನ್ಯದಲ್ಲಿ ‘ಕ್ವ’ ಉಳಿದೆಡೆ ಸಿಂದರಿನ್ನಿನಲ್ಲಿ ಪಕಾರವೋ ಅದರಿಂದ ಹುಟ್ಟಿದ ಧ್ವನಿಯೋ ಬರುತ್ತದೆ. ಇದು ಮನಸ್ಸಿಗೆ ತೋಚಿದಂತೆ ಮಾಡಿದ್ದಲ್ಲ. ಲ್ಯಾಟಿನ್ನಿನಲ್ಲಿ ನಾಲ್ಕಕ್ಕೆ ‘ಕ್ವತ್ತುವೊರ್’ ಎಂದೂ ವೇಲ್ಸಿನ ನುಡಿಯಲ್ಲಿ ‘ಪೆದ್ವರ್’ ಎಂದೂ ಹೇಳುತ್ತಾರೆ. ಯೂರೋಪಿನ ನಿಜವಾದ ಭಾಷೆಗಳಲ್ಲಿ ನಡೆದ ಮಾರ್ಪಾಟೇ ಇಲ್ಲಿ ಕಲ್ಪನೆಯ ಭಾಷೆಗೂ ನಿಯಮವಾಗಿದೆ. ಹಾಗೆಯೇ ಕ್ವೆನ್ಯದ ‘ಅತರ್’, ತಂದೆ, ಸಿಂದರಿನ್ನಿನಲ್ಲಿ ‘ಅದರ್’ ಆಗುತ್ತದೆ: ಸ್ವರಗಳ ನಡುವೆ ಸಿಕ್ಕಿದ ತಕಾರ ಮೃದುವಾಗಿ ದಕಾರವಾಯಿತು. ‘ಗಲದಾ’ ಎಂಬ ಆದಿರೂಪದಿಂದ ಒಂದು ಕಡೆ ಗಕಾರ ಬಿದ್ದು ‘ಅಲ್ದ’ ಎಂದೂ ಇನ್ನೊಂದು ಕಡೆ ಕೊನೆಯ ಸ್ವರ ಬಿದ್ದು ‘ಗಲಧ್’ ಎಂದೂ ಆಯಿತು. ಎರಡಕ್ಕೂ ಮರವೆಂದೇ ಅರ್ಥ. ಪಾಲು ಹಾಲಾದುದನ್ನು ಬಲ್ಲ ಕನ್ನಡದ ವಿದ್ಯಾರ್ಥಿಗೆ ಈ ಲೆಕ್ಕ ಹೊಸದಲ್ಲ. ಕ್ವೆನ್ಯದ ನಾಮಪದಗಳೂ ಅವನಿಗೆ ಅಷ್ಟೇನೂ ಪರಕೀಯವಾಗಿ ಕಾಣಲಾರವು: ‘ಕಿರ್ಯ’ ಎಂದರೆ ಹಡಗು, ‘ಕಿರ್ಯನ್ನ’ ಹಡಗಿನ ಕಡೆಗೆ, ‘ಕಿರ್ಯಲ್ಲೊ’ ಹಡಗಿನಿಂದ, ‘ಕಿರ್ಯಸ್ಸೆ’ ಹಡಗಿನಲ್ಲಿ. ಪ್ರತ್ಯಯವು ಪದದ ಬಾಲಕ್ಕೆ ಅಂಟಿಕೊಂಡು ವಿಭಕ್ತಿಯಾಗುತ್ತದೆ.

ಪದಗಳಲ್ಲಿ ಜನರ ಬಾಳೂ ಅಡಗಿರಬೇಕಷ್ಟೆ. ದೂರ ಪ್ರಯಾಣಕ್ಕೆ ಎಲ್ಫ್ ಜನರು ಎಲೆಗಳಲ್ಲಿ ಸುತ್ತಿ ಒಯ್ಯುವ ರೊಟ್ಟಿಗೆ ಸಿಂದರಿನ್ನಿನಲ್ಲಿ ‘ಲೆಂಬಸ್’ ಎಂದು ಹೆಸರು. ಅದರ ಹಳೆಯ ರೂಪವನ್ನು ಬಿಡಿಸಿದರೆ ‘ದಾರಿಯ ರೊಟ್ಟಿ’ ಎಂದಾಗುತ್ತದೆ. ಬುತ್ತಿ ಎಂದರೆ ಕನ್ನಡಿಗನಿಗೆ ಚೆನ್ನಾಗಿ ತಿಳಿಯುತ್ತದೆ. ಅದನ್ನೇ ಕ್ವೆನ್ಯದವರು ‘ಕೊಯ್ಮಸ್’, ಜೀವದ ರೊಟ್ಟಿ, ಎನ್ನುತ್ತಾರೆ. ಒಂದೇ ತಿನಿಸನ್ನು ನಡೆಯುವವನ ಕಣ್ಣು ಒಂದು ರೀತಿಯಲ್ಲಿ, ನೆಲೆನಿಂತವನ ಕಣ್ಣು ಇನ್ನೊಂದು ರೀತಿಯಲ್ಲಿ ಕಂಡಿದೆ. ದೂರದ್ದನ್ನು ತೋರಿಸುವ ಮಾಯೆಯ ಗೋಲಕ್ಕೆ ‘ಪಲಂತೀರ್’ ಎಂದು ಹೆಸರು; ‘ಪಲನ್’ ಎಂದರೆ ದೂರ, ‘ತಿರ್’ ಎಂದರೆ ನೋಡು. ‘ದೂರದರ್ಶನ’ ಎಂಬ ಪದವನ್ನು ಕಟ್ಟಿದವರೂ ಇದೇ ದಾರಿಯನ್ನು ಹಿಡಿದರಲ್ಲವೆ! ‘ಲಸ್ಸೆ’ ಎಂದರೆ ಎಲೆ. ‘ಲಸ್’ ಎಂಬುದೇ ಕೇಳಿಸಿಕೊಳ್ಳುವುದಕ್ಕೂ ಧಾತು. ಇವೆರಡಕ್ಕೂ ಸಂಬಂಧವಿರಬಹುದೆಂದು ಕೆಲವರ ಊಹೆ, ಏಕೆಂದರೆ ಎಲ್ಫ್ ಜನರ ಕಿವಿ ಎಲೆಯಂತೆ ಚೂಪಾಗಿತ್ತು ಎಂದು ಟೋಲ್ಕಿನ್ನರು ತಮ್ಮ ಧಾತುಕೋಶದಲ್ಲಿ ಟಿಪ್ಪಣಿ ಬರೆದಿದ್ದಾರೆ. ತಾವೇ ಸೃಷ್ಟಿಸಿದ ಪದದ ವಿಷಯದಲ್ಲಿ ‘ಕೆಲವರ ಊಹೆ’ ಎಂದು ಬರೆಯುವ ಈ ವಿನಯವನ್ನು ಕಂಡರೆ ನಗು ಬರುತ್ತದೆ, ಮೆಚ್ಚುಗೆಯೂ ಆಗುತ್ತದೆ.

ಅವರು ತಪ್ಪುಗಳನ್ನೂ ಸೃಷ್ಟಿಸಿದರು. ಕಥೆಯಲ್ಲಿ ಬರುವ ಗಲದ್ರಿಯಲ್ ಎಂಬ ರಾಣಿಯ ಹೆಸರಿನಲ್ಲಿರುವುದು ‘ಗಲದ್’, ಕಾಂತಿ. ಹೊಳೆವ ಮುಡಿಮಾಲೆಯುಳ್ಳವಳು ಎಂದು ಹೆಸರಿನ ಅರ್ಥ. ಆದರೆ ಅವಳಿದ್ದದ್ದು ಕಾಡಿನಲ್ಲಿ, ಮರಗಳ ನಡುವೆ. ಆದುದರಿಂದ ಹೊರಗಿನವರು ಅದನ್ನು ಮರವೆಂಬರ್ಥದ ‘ಗಲಧ್’ ಎಂದು ಭಾವಿಸಿ ಹೆಸರನ್ನೇ ತಿರುಚಿದರಂತೆ. ಜನರ ಬಾಯಲ್ಲಿ ಹುಟ್ಟುವ ಇಂಥ ವ್ಯುತ್ಪತ್ತಿಗಳು ಎಲ್ಲ ಭಾಷೆಗಳಲ್ಲಿಯೂ ಉಂಟು. ಹನ್ನೆರಡನೆಯ ಶತಮಾನದ ಅರಸನೊಬ್ಬನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟುದರಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಎಂಬ ಕಥೆಯನ್ನು ಕೇಳದವರಿಲ್ಲ, ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನದಲ್ಲಿಯೇ ಬೆಂಗಳೂರು ಎಂಬ ಹೆಸರಿದೆ! ಜನರು ತಮಗೆ ಅರ್ಥವಾಗುವಂತೆ ಪದವನ್ನು ಬಗ್ಗಿಸಿಕೊಳ್ಳುತ್ತಾರೆಂಬ ಈ ಗುಟ್ಟನ್ನರಿಯದವನು ತನ್ನ ಭಾಷೆಯನ್ನು ನಿರ್ದುಷ್ಟವಾಗಿ ಮಾಡಲು ಹೋಗಿ ನಿರ್ಜೀವವಾಗಿ ಮಾಡುತ್ತಿದ್ದನು.

ಆದರೂ ಶೂನ್ಯದಿಂದ ಪದವನ್ನು ಯಾರೂ ತೆಗೆಯಲಾರರು. ಕಥೆಯ ದುಷ್ಟರ ಭಾಷೆಯಲ್ಲಿ ಉಂಗುರಕ್ಕೆ ‘ನಜ್ಗ್’ ಎಂಬ ಪದವನ್ನು ಟೋಲ್ಕಿನ್ನರು ಇಟ್ಟಿದ್ದರು. ಕೇವಲ ತಮ್ಮದೇ ಎಂದುಕೊಂಡಿದ್ದ ಆ ಪದಕ್ಕೆ ಹೋಲುವ ‘ನಸ್ಕ್’ ಎಂಬುದು ಐರ್ಲೆಂಡ್ ಕಡೆಯ ಗೇಲಿಕ್ ನುಡಿಯಲ್ಲಿ ಬಂಧ, ಉಂಗುರ ಎಂಬರ್ಥದಲ್ಲಿ ಇರುವುದು ಬಹುಕಾಲದ ಮೇಲೆ ಅವರ ಗಮನಕ್ಕೆ ಬಂದಿತು. ಎಂದೋ ಓದಿದ್ದು ನೆನಪಿನ ಮೂಲೆಯಲ್ಲಿ ಉಳಿದು ಹೀಗೆ ಹೊರಬಂದಿರಬೇಕೆಂದು ಅವರೇ ಒಪ್ಪಿಕೊಂಡರು.

ಇಷ್ಟೆಲ್ಲ ಮಾಡಿ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಆಡುವವರಿಲ್ಲದ ನುಡಿಗೆ ಒಬ್ಬ ಮಹಾವಿದ್ವಾಂಸನು ಅರುವತ್ತು ವರ್ಷ ಶ್ರಮಿಸುವುದಕ್ಕಿಂತ ಅಳಿಯುತ್ತಿರುವ ಒಂದು ನಿಜವಾದ ನುಡಿಯನ್ನು ಬರೆದಿಟ್ಟಿದ್ದರೆ ಲೋಕಕ್ಕೆ ಹೆಚ್ಚು ಉಪಕಾರವಾಗುತ್ತಿರಲಿಲ್ಲವೆ? ಪ್ರಶ್ನೆ ನ್ಯಾಯವಾದುದೇ. ಆದರೆ ಅದು ಆ ಶ್ರಮದ ಫಲವನ್ನು ಸರಿಯಾಗಿ ಅಳೆಯುವುದಿಲ್ಲ. ಪದವೆಂಬುದು ವಸ್ತುವಿಗೆ ಅಂಟಿಸಿದ ಚೀಟಿ, ಒಂದು ಚೀಟಿಯ ಬದಲು ಇನ್ನೊಂದನ್ನು ಅಂಟಿಸಿದರೆ ಹೊಸ ಭಾಷೆಯಾಯಿತು ಎಂದು ತಿಳಿದವರು ಬಹಳ. ಭಾಷಾಂತರವೆಂದರೆ ಚೀಟಿ ಬದಲಾಯಿಸುವುದೆಂದು ತಿಳಿದವರು ಅದಕ್ಕಿಂತಲೂ ಹೆಚ್ಚು. ಪದವು ಬಂಧುಬಳಗದ ನಡುವೆ ಮಾತ್ರ ಬಾಳುತ್ತದೆ, ಹಾಗೂ ಆ ಬಳಗಕ್ಕೆ ಒಂದು ಹಿಂದಿನ ಕಾಲವಿರುತ್ತದೆ ಎಂಬುದನ್ನು ಇಷ್ಟು ಪ್ರತ್ಯಕ್ಷವಾಗಿ ತೋರಿಸಿದ ಉದಾಹರಣೆ ಇನ್ನೊಂದಿಲ್ಲ. ಬೇರೆ ವಿದ್ವಾಂಸರು ಮರವನ್ನು ಕಡಿದು ಅದರ ಸುತ್ತುಗಳನ್ನು ಎಣಿಸಿ ತೋರಿಸಿದರು. ಟೋಲ್ಕಿನ್ನರು ಬೀಜವನ್ನು ನೆಟ್ಟು ಸುತ್ತು ಸುತ್ತಾಗಿ ಬೆಳೆಸಿ ತೋರಿಸಿದರು.

ಅವರ ಮಾತನ್ನು ಒಪ್ಪಲಾಗದ ಸ್ಥಳವೂ ಒಂದುಂಟು. 1887ರಲ್ಲಿ ಜಾಮೆನ್‌ಹಾಫ್ ಎಂಬ ಪೋಲೆಂಡಿನ ವೈದ್ಯರು ಲೋಕದ ಜನರೆಲ್ಲರೂ ಸುಲಭವಾಗಿ ಕಲಿತು ಪರಸ್ಪರ ಮಾತನಾಡಲೆಂದು ‘ಎಸ್ಪೆರಾಂತೊ’ ಎಂಬ ಭಾಷೆಯನ್ನು ಕಟ್ಟಿದರು. ಅದರಲ್ಲಿ ‘ಬೋನ’ ಎಂದರೆ ಒಳ್ಳೆಯದು, ಅದರ ಮುಂದೆ ‘ಮಲ್’ ಸೇರಿಸಿ ‘ಮಲ್‌ಬೋನ’ ಎಂದರೆ ಕೆಟ್ಟದ್ದು. ಎಲ್ಲವೂ ನೇರ, ಎಲ್ಲವೂ ಸಲೀಸು. ಟೋಲ್ಕಿನ್ನರು ಮೊದಲು ಇದಕ್ಕೆ ಬೆಂಬಲವಾಗಿದ್ದರೂ, ಮುಂದೆ ಒಂದು ಪತ್ರದಲ್ಲಿ, ಪುರಾಣಕಥೆಗಳಿಲ್ಲದ ಕಾರಣ ಇಂಥ ಭಾಷೆಗಳು ಸತ್ತಂತೆಯೇ ಎಂಬ ಅರ್ಥದ ಮಾತನ್ನು ಬರೆದರು. ಆದರೆ ಎಸ್ಪೆರಾಂತೊ ಸಾಯಲಿಲ್ಲ. ಇಂದಿಗೂ ಅದನ್ನಾಡುವವರಿದ್ದಾರೆ, ಅದರಲ್ಲಿ ಬರೆಯುವವರಿದ್ದಾರೆ. ತಂದೆತಾಯಿಗಳಿಂದ ಅದನ್ನು ಮನೆಮಾತಾಗಿ ಕಲಿತ ಮಕ್ಕಳೂ ಇದ್ದಾರೆ. ಪುರಾಣವಿಲ್ಲದಿದ್ದರೂ ಅದಕ್ಕೆ ಮಾತನಾಡಬೇಕೆಂಬ ಜನರಿದ್ದರು. ಕ್ವೆನ್ಯಕ್ಕೆ ಪುರಾಣವಿತ್ತು, ಜನರಿರಲಿಲ್ಲ.

ಈ ಕೊರತೆ ಅದರ ಶಬ್ದಸಂಪತ್ತಿಯಲ್ಲಿಯೇ ಕಾಣುತ್ತದೆ. ನಕ್ಷತ್ರ, ಬೆಳಕು, ಮರ, ಕಡಲು, ನೆರಳುಗಳಿಗೆ ಅಲ್ಲಿ ಪದಗಳು ಧಾರಾಳ. ಅದೇ ನುಡಿಯಲ್ಲಿ ಇಂದಿನ ಅಭಿಮಾನಿಯೊಬ್ಬನು ಗಣಕಯಂತ್ರವನ್ನು ಕುರಿತು ನಾಲ್ಕು ಮಾತು ಬರೆಯಹೊರಟರೆ ಧಾತುಗಳನ್ನು ಜೋಡಿಸಿ ತಾನೇ ಪದವನ್ನು ಮಾಡಿಕೊಳ್ಳಬೇಕು. ಅದು ಸರಿಯೋ ತಪ್ಪೋ ಹೇಳುವವರಾರು? ಕನ್ನಡದಲ್ಲಿ ಹೊಸ ಪದ ಹುಟ್ಟಿದರೆ ಸಂತೆಯ ಜನ, ಮನೆಯ ಹೆಂಗಸರು, ಬೀದಿಯ ಮಕ್ಕಳು ಅದನ್ನು ಬಾಯಿಗೆ ಹಾಕಿಕೊಂಡು ರುಚಿ ನೋಡಿ ಒಪ್ಪುತ್ತಾರೆ ಇಲ್ಲವೆ ಉಗುಳುತ್ತಾರೆ. ಕ್ವೆನ್ಯಕ್ಕೆ ಅಂಥ ನ್ಯಾಯಸ್ಥಾನವಿಲ್ಲ. ಇರುವುದು ಒಬ್ಬರ ಹಸ್ತಪ್ರತಿಗಳು ಮಾತ್ರ. ಆ ಒಬ್ಬರೋ ಸಾಯುವವರೆಗೂ ಮನಸ್ಸು ಬದಲಾಯಿಸುತ್ತಲೇ ಇದ್ದರು. ಒಂದು ಕಾಲದಲ್ಲಿ ಒಂದು ಕುಲದ ನುಡಿಯೆಂದು ಬರೆದಿದ್ದ ಭಾಷೆಯನ್ನೇ ಅನಂತರ ಇನ್ನೊಂದು ಕುಲಕ್ಕೆ ಕೊಟ್ಟು ಸಿಂದರಿನ್ ಎಂದು ಹೆಸರಿಟ್ಟರು. ಅವರು 1930ರ ದಶಕದಲ್ಲಿ ಬರೆದ ಧಾತುಕೋಶ ಅಚ್ಚಾದದ್ದು 1987ರಲ್ಲಿ. 1915ರಲ್ಲಿ ತೊಡಗಿದ ಪದಕೋಶ ಅಚ್ಚಾದದ್ದು 1998ರಲ್ಲಿ. ಅವರ ಭಾಷೆಗಳಿಗೆಂದೇ ಇರುವ ಒಂದು ಪತ್ರಿಕೆಯ ಹೆಸರು ‘ಪರ್ಮ ಎಲ್ದಲಂಬೆರೊನ್’. ‘ಪರ್ಮ’ ಎಂದರೆ ಪುಸ್ತಕ, ‘ಲಂಬೆ’ ಎಂದರೆ ನಾಲಿಗೆ, ನುಡಿ. ‘ಎಲ್ದ’ ಎಂಬುದು ಮೇಲೆ ಬಂದಿದೆ. ಒಟ್ಟು ಅರ್ಥವನ್ನು ವಿದ್ಯಾರ್ಥಿಗಳೇ ಬಿಡಿಸಬಹುದು.

ಟೋಲ್ಕಿನ್ನರ ಅನಂತರ ಚಲನಚಿತ್ರಗಳಿಗಾಗಿ ಭಾಷೆ ಕಟ್ಟುವುದು ಒಂದು ವೃತ್ತಿಯೇ ಆಗಿದೆ. 2015ರ ‘ಬಾಹುಬಲಿ’ ಚಿತ್ರದಲ್ಲಿ ಕಾಲಕೇಯರು ಆಡುವ ‘ಕಿಲಿಕಿ’ಯನ್ನು ತಮಿಳು ಕವಿ ಮದನ್ ಕಾರ್ಕಿ ರಚಿಸಿದರು. ಕೇಳಿದೊಡನೆ ಎದೆ ಝಲ್ಲೆನ್ನಬೇಕೆಂಬುದು ಅಲ್ಲಿಯ ಉದ್ದೇಶ, ಅದು ನೆರವೇರಿದೆ.

ಟೋಲ್ಕಿನ್ನರ ಪದಗಳಲ್ಲಿ ನಿಜವಾಗಿ ಜನರ ಬಾಯಿಗೆ ಬಂದ ಪದ ಯಾವುದೆಂಬುದು ವಿನೋದದ ಸಂಗತಿ. ಅದು ಕ್ವೆನ್ಯದ್ದಲ್ಲ, ಸಿಂದರಿನ್ನಿನದೂ ಅಲ್ಲ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಖಾಲಿ ಬಿಟ್ಟಿದ್ದ ಹಾಳೆಯೊಂದರ ಮೇಲೆ, ಏಕೆಂದು ತಮಗೇ ತಿಳಿಯದೆ ಗೀಚಿದ ‘ಹಾಬಿಟ್’ ಎಂಬ ಪದ. ಅದಕ್ಕೆ ಬೇರಿರಲಿಲ್ಲ. ಕಥೆ ಪ್ರಕಟವಾಗಿ ಹಲವು ವರ್ಷಗಳಾದ ಮೇಲೆ ಪ್ರಾಚೀನ ಇಂಗ್ಲಿಷಿನ ‘ಬಿಲ ತೋಡುವವನು’ ಎಂಬರ್ಥದ ರೂಪವೊಂದನ್ನು ಕಟ್ಟಿ ಅದಕ್ಕೆ ಅಂಟಿಸಿದರು. ಪದವು ಅಷ್ಟು ಹೊತ್ತಿಗೆ ಅವರ ಕೈತಪ್ಪಿ ಹೋಗಿತ್ತು. 1976ರಲ್ಲಿ, ಅವರು ಹಿಂದೆ ದುಡಿದಿದ್ದ ಆ ಮಹಾನಿಘಂಟಿನ ಪುರವಣಿಯಲ್ಲಿಯೇ ಅದು ಸೇರಿತು. ಇಂಡೊನೇಷಿಯದ ಫ್ಲೋರೆಸ್ ದ್ವೀಪದ ಗುಹೆಯಲ್ಲಿ 2003ರಲ್ಲಿ ಸುಮಾರು ಒಂದು ಮೀಟರು ಎತ್ತರದ ಪುರಾತನ ಮಾನವಜಾತಿಯ ಎಲುಬುಗಳು ದೊರೆತಾಗ ವಿಜ್ಞಾನಿಗಳು ಅದಕ್ಕೆ ಉದ್ದವಾದ ಶಾಸ್ತ್ರೀಯ ನಾಮವನ್ನು ಇಟ್ಟರು. ಪತ್ರಿಕೆಗಳೂ ಜನರೂ, ವಿಜ್ಞಾನಿಗಳು ತಮ್ಮ ತಮ್ಮೊಳಗೆ ಮಾತನಾಡುವಾಗಲೂ, ಅದನ್ನು ‘ಹಾಬಿಟ್’ ಎಂದೇ ಕರೆಯುತ್ತಾರೆ.